ಕಿಂಗ್ ಕಜು: ಗೋಲಿನ ಲೆಕ್ಕಕ್ಕೆ ಸಿಗದ ಜನಪ್ರಿಯತೆ

ಇದು ಹಾಸ್ಟೆಲ್ ಟಿವಿ ರೂಮಿನಲ್ಲಿ ಶುರುವಾದ ಜಗಳ. 2022ರ ವಿಶ್ವಕಪ್‌ನಲ್ಲಿ ಜಪಾನ್ ತಂಡ ಜರ್ಮನಿಯನ್ನೂ ಸ್ಪೇನನ್ನೂ ಸೋಲಿಸಿದ್ದು ನಿಮಗೆ ನೆನಪಿರಬಹುದು. ಸ್ಪೇನ್ ವಿರುದ್ಧದ ಪಂದ್ಯದಲ್ಲಿ, ಗೆರೆ ದಾಟೇ ಹೋಯ್ತು ಅನ್ನಿಸಿದ ಚೆಂಡನ್ನು ಕವೊರು ಮಿತೋಮಾ ಒಳಗೆಳೆದು ಕೊಟ್ಟ ಆ ಪಾಸನ್ನು ನಾವು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಒಂದು ರಾತ್ರಿ ಅದೇ ತುಣುಕು ಮತ್ತೆ ಓಡುತ್ತಿದ್ದಾಗ ಯಾರೋ ಕೇಳಿದರು: "ಸರಿ, ಜಪಾನಿನಲ್ಲಿ ಇಲ್ಲಿಯವರೆಗೆ ಅತಿ ಹೆಚ್ಚು ಜನಪ್ರಿಯ ಆಟಗಾರ ಯಾರು?"

ಒಬ್ಬರು ಮಿತೋಮಾ ಅಂದರು. ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಯೊಬ್ಬರು ಕಗಾವಾ ಅಂದರು. ಹಳೆಯ ಇಟಾಲಿಯನ್ ಲೀಗಿನ ವಿಡಿಯೊ ನೋಡುವವರು ನಕಾತಾ ಎಂದು ಮೇಜು ಗುದ್ದಿದರು. ಆಮೇಲೆ ನಾವು ಕ್ಲಬ್‌ನವರು ಕೂತು ಓದತೊಡಗಿದಾಗ ಎದುರಾದ ಹೆಸರು ಮಾತ್ರ ಇವರಲ್ಲಿ ಯಾರದೂ ಅಲ್ಲ. ಜಪಾನಿನವರು 'ಕಿಂಗ್' ಎಂಬ ಬಿರುದು ಸೇರಿಸಿ ಕರೆಯುವ ಫುಟ್‌ಬಾಲ್ ಆಟಗಾರ ಕಜುಯೋಶಿ ಮಿಯುರಾ. ಅಲ್ಲಿ ಅವರು ಬರೀ 'ಕಜು'.

ವಿಚಿತ್ರ ಏನು ಗೊತ್ತಾ? ಕಜು ಒಂದೇ ಒಂದು ವಿಶ್ವಕಪ್ ಪಂದ್ಯವನ್ನೂ ಆಡಿಲ್ಲ. ಇಟಲಿಯ ಮೊದಲ ದರ್ಜೆಯ ಲೀಗಿನಲ್ಲಿ ಅವರು ಹೊಡೆದದ್ದು ಒಂದೇ ಗೋಲು. ಹಾಗಿದ್ದೂ ರಾಜ ಹೇಗಾದರು? ಈ ಪ್ರಶ್ನೆ ನಮ್ಮನ್ನು ಸುಮ್ಮನೆ ಬಿಡಲಿಲ್ಲ. ಈ ಲೇಖನ ಅದಕ್ಕೆ ನಾವು ಹುಡುಕಿಕೊಂಡ ಉತ್ತರ.

ಮೊದಲು, ಏನನ್ನು ಅಳೆಯುತ್ತಿದ್ದೇವೆ?

ಲ್ಯಾಬಿನಲ್ಲಿ ಮೊದಲ ದಿನವೇ ಹೇಳಿಕೊಡ್ತಾರೆ: ಅಳೆಯುವ ಮುಂಚೆ ಏನನ್ನು ಅಳೆಯುತ್ತಿದ್ದೀರಿ ಎಂದು ಬರೆದುಕೊಳ್ಳಿ. ಜನಪ್ರಿಯತೆಯ ವಿಷಯದಲ್ಲಿ ನಾವು ಯಾರೂ ಆ ಕೆಲಸ ಮಾಡುವುದಿಲ್ಲ. ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಪಾತ್ರೆಗೆ ಸುರಿದು ಕಲಸಿಬಿಡುತ್ತೇವೆ.

ಒಂದು, ಸಾಧನೆ. ಗೋಲು, ಕಪ್ಪು, ಪ್ರಶಸ್ತಿ. ಇದನ್ನು ಎಣಿಸಬಹುದು.
ಎರಡು, ಪ್ರಚಾರ. ಎಷ್ಟು ಜನ ನೋಡುತ್ತಾರೆ, ಎಷ್ಟು ಕಡೆ ಮುಖ ಕಾಣುತ್ತದೆ. ಇದನ್ನೂ ಒಂದು ಮಟ್ಟಿಗೆ ಎಣಿಸಬಹುದು.
ಮೂರು, ಪ್ರೀತಿ. ಆಟಗಾರ ಸೋತಾಗಲೂ, ಪಟ್ಟಿಯಿಂದ ಬಿದ್ದುಹೋದಾಗಲೂ ಜನ ಅವರ ಜೊತೆ ಉಳಿಯುತ್ತಾರಾ? ಇದಕ್ಕೆ ಮೀಟರ್ ಇಲ್ಲ. ಆದರೆ ಇದರ ಗುರುತುಗಳು ಸಿಗುತ್ತವೆ.

ಮೊದಲೆರಡು ಆ ಕ್ಷಣದ ರೀಡಿಂಗ್ ಇದ್ದ ಹಾಗೆ. ಮೂರನೆಯದು ಇಂಟಿಗ್ರಲ್ ಇದ್ದ ಹಾಗೆ. ಕಾಲ ಕಳೆದಂತೆ ಸೇರುತ್ತಾ ಹೋಗುತ್ತದೆ. ಇವತ್ತಿನ ರೀಡಿಂಗ್ ಸೊನ್ನೆಯಾದರೂ ಕೂಡಿಟ್ಟದ್ದು ಅಲ್ಲೇ ಇರುತ್ತದೆ. ಈ ಒಂದು ಹೋಲಿಕೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋಲಿಕೆಗೆ ನಾವು ಆರಿಸಿಕೊಂಡ ಐವರು

ಯಾಸುಹಿಕೊ ಒಕುದೇರಾ: ಹುಟ್ಟಿದ್ದು 1952. ಜರ್ಮನಿಯ ಬುಂಡೆಸ್‌ಲೀಗಾದಲ್ಲಿ ಆಡಿದ ಮೊದಲ ಜಪಾನಿ.
ಕಜುಯೋಶಿ ಮಿಯುರಾ (ಕಜು): ಹುಟ್ಟಿದ್ದು 1967. ಜಪಾನ್ ಪರ 89 ಪಂದ್ಯ, 55 ಗೋಲು. ವಿಶ್ವಕಪ್ ಪಂದ್ಯ ಸೊನ್ನೆ.
ಮಸಾಶಿ ನಕಾಯಾಮಾ (ಗೋನ್): ಹುಟ್ಟಿದ್ದು 1967. ವಿಶ್ವಕಪ್‌ನಲ್ಲಿ ಜಪಾನಿನ ಮೊಟ್ಟಮೊದಲ ಗೋಲು ಇವರದು.
ಹಿದೆತೋಶಿ ನಕಾತಾ: ಹುಟ್ಟಿದ್ದು 1977. ಮೂರು ವಿಶ್ವಕಪ್, ಇಟಲಿಯಲ್ಲಿ ಲೀಗ್ ಗೆದ್ದ ತಂಡದ ಸದಸ್ಯ.
ಶುನ್‌ಸುಕೆ ನಕಾಮುರಾ: ಹುಟ್ಟಿದ್ದು 1978. ಜೆ.ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಎರಡು ಸಲ ಪಡೆದವರು.

ನಕಾಯಾಮಾ, ನಕಾತಾ, ನಕಾಮುರಾ ಮೂವರೂ 'ನಕಾ'ದಿಂದಲೇ ಶುರು. ಬರೆಯುವಾಗ ನಾವೂ ಎಡವಿದೆವು. ಹಾಗಾಗಿ ನಕಾಯಾಮಾ ಅವರನ್ನು ಅವರ ಅಡ್ಡಹೆಸರಿನಿಂದ 'ಗೋನ್' ಎಂದೇ ಕರೆಯುತ್ತೇವೆ.

ಬರೀ ಸಾಧನೆಯ ಕಾಲಮ್ಮು ನೋಡಿದರೆ ಕಜು ಮೇಲ್ಗಡೆ ಬರುವುದಿಲ್ಲ. 55 ಗೋಲು ಕಡಿಮೆಯೇನಲ್ಲ. ಆದರೆ ಆ ಕಾಲಮ್ಮಿನಲ್ಲೂ ಅವರಿಗಿಂತ ಮುಂದೆ ಒಬ್ಬರಿದ್ದಾರೆ: 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಪಾನಿಗೆ ಕಂಚು ಬಂದಾಗ 7 ಗೋಲು ಹೊಡೆದು ಟೂರ್ನಿಯಲ್ಲೇ ಮೊದಲಿಗರಾದ ಕುನಿಶಿಗೆ ಕಮಾಮೊಟೊ. ಜಪಾನ್ ಪರ ಅವರ ಗೋಲು 75.

ಒಕುದೇರಾ: ಎಲ್ಲಾ ಇತ್ತು, ಹೊತ್ತು ಮಾತ್ರ ಇರಲಿಲ್ಲ

1977ರಲ್ಲಿ ಒಕುದೇರಾ ಜರ್ಮನಿಯ ಕೊಲೋನ್ ತಂಡ ಸೇರಿದರು. ಮೊದಲ ಸೀಸನ್‌ನಲ್ಲೇ, ಅಂದರೆ 1977-78ರಲ್ಲಿ, ಆ ತಂಡ ಲೀಗನ್ನೂ ಜರ್ಮನ್ ಕಪ್ಪನ್ನೂ ಗೆದ್ದಿತು. ಆಮೇಲೆ ಬರ್ಲಿನ್, ಬ್ರೆಮೆನ್ ಅಂತ 1986ರವರೆಗೆ ಅಲ್ಲೇ ಆಡಿದರು. ಬುಂಡೆಸ್‌ಲೀಗಾದಲ್ಲಿ 200ಕ್ಕೂ ಹೆಚ್ಚು ಪಂದ್ಯ. ಇಂದಿನ ಎಷ್ಟೋ ಜಪಾನಿ ಆಟಗಾರರಿಗೆ ಇಂಥ ದಾಖಲೆ ಇಲ್ಲ.

ಆದರೆ ಅವರು ಗೆಲ್ಲುತ್ತಿದ್ದಾಗ ಜಪಾನಿನಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗೇ ಇರಲಿಲ್ಲ. ಕಂಪನಿಗಳ ತಂಡಗಳು ಆಡುವ ಲೀಗ್ ಇತ್ತು, ಸ್ಟ್ಯಾಂಡುಗಳು ಖಾಲಿ ಹೊಡೆಯುತ್ತಿದ್ದವು. ಊರಿಗೆ ಊರೇ ಬೇಸ್‌ಬಾಲ್ ನೋಡುತ್ತಿತ್ತು. ಒಕುದೇರಾ ಅವರ ಸಾಧನೆ ಬಂದು ಬೀಳಲು ಅಲ್ಲಿ ನೆಲವೇ ಹದವಾಗಿರಲಿಲ್ಲ. ಸಾಧನೆ ಎಷ್ಟೇ ದೊಡ್ಡದಿರಲಿ, ಅದನ್ನು ಹಂಚಿಕೊಳ್ಳಲು ಜನ ಸೇರುವ ಜಾಗ ಬೇಕು. ಇದು ನಮ್ಮ ಮೊದಲ ಪಾಠ.

1993: ಹೊತ್ತು ಬಂದಾಗ ಸಿದ್ಧವಾಗಿದ್ದವರು

ಕಜು ಹುಟ್ಟಿದ್ದು ಶಿಜುವೊಕಾದಲ್ಲಿ. ಜಪಾನಿನಲ್ಲಿ ಫುಟ್‌ಬಾಲಿಗೆ ಹೆಸರಾದ ಸೀಮೆ ಅದು. ಹೈಸ್ಕೂಲಿಗೆ ಸೇರಿ ಒಂದು ವರ್ಷವೂ ತುಂಬುವ ಮುಂಚೆ, 1982ರಲ್ಲಿ, 15ನೇ ವಯಸ್ಸಿಗೆ ಶಾಲೆ ಬಿಟ್ಟು ಬ್ರೆಜಿಲ್‌ಗೆ ಹೊರಟರು. ಜಪಾನಿನ ಹುಡುಗನೊಬ್ಬ ಬ್ರೆಜಿಲ್ ಕನಸು ಕಾಣುವ 'ಕ್ಯಾಪ್ಟನ್ ತ್ಸುಬಾಸಾ' ಎಂಬ ಚಿತ್ರಕಥೆ ಅಲ್ಲಿನ ವಾರಪತ್ರಿಕೆಯಲ್ಲಿ ಶುರುವಾಗಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಮಕ್ಕಳು ಪುಟದ ಮೇಲೆ ಓದುತ್ತಿದ್ದುದನ್ನು ಈ ಹುಡುಗ ಟಿಕೆಟ್ ತಗೊಂಡು ಮಾಡಿಬಿಟ್ಟ.

ಅಲ್ಲಿ ಸುಲಭವಿರಲಿಲ್ಲ. ಸಾವೊ ಪಾಲೊ ನಗರದ ಜುವೆಂಟುಸ್ ಕ್ಲಬ್ಬಿನ ಕಿರಿಯರ ತಂಡದಿಂದ ಶುರುಮಾಡಿ, 1986ರಲ್ಲಿ ಪೆಲೆ ಆಡಿದ್ದ ಸಾಂಟೋಸ್ ಕ್ಲಬ್ಬಿನ ಜೊತೆ ವೃತ್ತಿಪರ ಒಪ್ಪಂದ ಮಾಡಿಕೊಂಡರು. ಆಮೇಲೆ ಊರೂರು, ಕ್ಲಬ್ಬು ಕ್ಲಬ್ಬು ಸುತ್ತಿ 1990ರಲ್ಲಿ ಜಪಾನಿಗೆ ಮರಳಿ ಯೊಮಿಯುರಿ ತಂಡ ಸೇರಿದರು. ಇದೇ ತಂಡ ಮುಂದೆ ವೆರ್ಡಿ ಕವಾಸಾಕಿ ಆಯಿತು.

ಅವರು ಮರಳಿದ ಹೊತ್ತು ನೋಡಿ. 1992ರಲ್ಲಿ ಹಿರೋಶಿಮಾದಲ್ಲಿ ಜಪಾನ್ ಮೊದಲ ಬಾರಿಗೆ ಏಷ್ಯನ್ ಕಪ್ ಗೆದ್ದಿತು, ಕಜು ಟೂರ್ನಿಯ ಅತ್ಯುತ್ತಮ ಆಟಗಾರ. 1993ರ ಮೇ 15ರಂದು ಹತ್ತು ಕ್ಲಬ್ಬುಗಳ ಜೆ.ಲೀಗ್ ಶುರುವಾಯಿತು. ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ವೆರ್ಡಿ ಮತ್ತು ಯೋಕೊಹಾಮಾ ಮರಿನೋಸ್ ನಡುವಿನ ಮೊದಲ ಪಂದ್ಯಕ್ಕೆ 59,626 ಜನ. ವೆರ್ಡಿ ಆ ದಿನ 1-2ರಿಂದ ಸೋತಿತು, ಆದರೆ ವರ್ಷದ ಕೊನೆಗೆ ಚಾಂಪಿಯನ್. ಲೀಗಿನ ಮೊದಲ ಅತ್ಯುತ್ತಮ ಆಟಗಾರ ಪ್ರಶಸ್ತಿ ಕಜು ಅವರಿಗೆ. ಅದನ್ನು ಸ್ವೀಕರಿಸಲು ಅವರು ಬಂದದ್ದು ಕಡುಕೆಂಪು ಸೂಟಿನಲ್ಲಿ. ಗೋಲು ಹೊಡೆದಾಗಲೆಲ್ಲ ಕಾಲನ್ನು ಚಕಚಕನೆ ಆಡಿಸಿ ಕುಣಿಯುವ 'ಕಜು ಡ್ಯಾನ್ಸ್' ಆಗಲೇ ಮಕ್ಕಳ ಕಾಲಿಗೂ ಬಂದಿತ್ತು.

ಇಲ್ಲಿಯವರೆಗೆ ನೋಡಿದರೆ ಇದು ಪ್ರಚಾರದ ಕಥೆ. ಟಿವಿ ಬಂತು, ಲೀಗ್ ಬಂತು, ಕೆಂಪು ಸೂಟು ಬಂತು, ಸ್ಟಾರ್ ಆದರು. ಅಷ್ಟೇ ಆಗಿದ್ದರೆ ಅದು ಲೀಗಿನ ಜೊತೆಗೇ ಇಳಿಯಬೇಕಿತ್ತು. ಯಾಕೆಂದರೆ ಲೀಗಿನ ಅಬ್ಬರ ಬೇಗ ಇಳಿಯಿತು. 1994ರಲ್ಲಿ ಪಂದ್ಯಕ್ಕೆ ಸರಾಸರಿ 19,598 ಜನ ಬರುತ್ತಿದ್ದವರು 1997ರಲ್ಲಿ 10,131ಕ್ಕೆ ಇಳಿದರು. ಮೂರೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ. ಕಜು ಮೇಲಿನ ಪ್ರೀತಿ ಮಾತ್ರ ಹಾಗೆ ಅರ್ಧವಾಗಲಿಲ್ಲ. ಅದು ಯಾಕೆ?

ಇಟಲಿಯಲ್ಲಿ ಇಬ್ಬರು

ಉತ್ತರಕ್ಕೆ ಮುಂಚೆ ಒಂದು ನೇರ ಹೋಲಿಕೆ. 1994ರಲ್ಲಿ ಕಜು ಇಟಲಿಯ ಜೆನೋವಾ ತಂಡಕ್ಕೆ ಹೋದರು. ಆ ಲೀಗಿನಲ್ಲಿ ಆಡಿದ ಮೊದಲ ಜಪಾನಿ. ಆಟಕ್ಕಲ್ಲ, ಜಾಹೀರಾತಿನ ದುಡ್ಡಿಗೆ ಕರೆಸಿಕೊಂಡಿದ್ದಾರೆ ಎಂದು ಅಲ್ಲಿ ಗುಸುಗುಸು ಇತ್ತು. ಮಿಲಾನ್ ವಿರುದ್ಧದ ಮೊದಲ ಪಂದ್ಯದಲ್ಲೇ ಫ್ರಾಂಕೊ ಬರೇಸಿಗೆ ಡಿಕ್ಕಿಯಾಗಿ ಮೂಗಿನ ಮೂಳೆ ಮುರಿಯಿತು. ಇಡೀ ಸೀಸನ್‌ಗೆ 21 ಪಂದ್ಯ, ಒಂದು ಗೋಲು. ಆ ಒಂದು ಗೋಲೂ ಬದ್ಧವೈರಿ ಸಂಪ್ಡೋರಿಯಾ ವಿರುದ್ಧ ಎಂಬುದಷ್ಟೇ ಸಮಾಧಾನ. ಒಂದೇ ವರ್ಷಕ್ಕೆ ವಾಪಸ್.

ನಾಲ್ಕು ವರ್ಷದ ನಂತರ, 1998ರ ಸೆಪ್ಟೆಂಬರ್‌ನಲ್ಲಿ, 21ರ ಹರೆಯದ ನಕಾತಾ ಪೆರೂಜಾ ಪರ ಮೊದಲ ಪಂದ್ಯ ಆಡಿದರು. ಎದುರಾಳಿ ಯುವೆಂಟಸ್. ನಕಾತಾ ಎರಡು ಗೋಲು ಹೊಡೆದರು. ಪಂದ್ಯ 3-4ರಿಂದ ಕೈತಪ್ಪಿತು, ಆದರೆ ಮಾರನೇ ದಿನದಿಂದ ಇಟಲಿಯಲ್ಲಿ ಅವರ ಹೆಸರು ಗೊತ್ತಿಲ್ಲದವರಿಲ್ಲ. ಆ ಸೀಸನ್‌ಗೆ 10 ಗೋಲು. ಆಮೇಲೆ ರೋಮಾ. 2001ರ ಮೇ ತಿಂಗಳಲ್ಲಿ ಅದೇ ಯುವೆಂಟಸ್ ವಿರುದ್ಧ ರೋಮಾ ಎರಡು ಗೋಲು ಹಿಂದಿದ್ದಾಗ ಟೋಟ್ಟಿಯ ಬದಲಿಗೆ ಬಂದ ನಕಾತಾ ದೂರದಿಂದ ಒಂದು ಗೋಲು ಹೊಡೆದರು. ಅವರದೇ ಇನ್ನೊಂದು ಹೊಡೆತ ಗೋಲ್‌ಕೀಪರ್ ಕೈಯಿಂದ ಚಿಮ್ಮಿದಾಗ ಮೊಂಟೆಲ್ಲಾ ಅದನ್ನು ಒಳಗೆ ತಳ್ಳಿ ಪಂದ್ಯ ಸಮವಾಯಿತು. ಆ ವರ್ಷ ರೋಮಾ ಚಾಂಪಿಯನ್. 2004ರಲ್ಲಿ ಪೆಲೆ ಆರಿಸಿದ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿದ್ದ ಏಕೈಕ ಜಪಾನಿಯೂ ನಕಾತಾ ಅವರೇ.

ಹೋಲಿಸಿದರೆ ಇದು ಸ್ಪರ್ಧೆಯೇ ಅಲ್ಲ ಬಿಡಿ. ಹೊರಜಗತ್ತಿನಲ್ಲಿ ನಕಾತಾ ಎಷ್ಟೋ ಪಾಲು ದೊಡ್ಡ ಹೆಸರು. 'ಹಿತ್ತಲ ಗಿಡ ಮದ್ದಲ್ಲ' ಅಂತೀವಲ್ಲ, ಆ ಲೆಕ್ಕದಲ್ಲಿ ಹೊರಗೆ ಗೆದ್ದು ಬಂದ ನಕಾತಾ ಅವರನ್ನು ತಲೆ ಮೇಲೆ ಹೊತ್ತು ಕಜು ಅವರನ್ನು ಮರೆಯಬೇಕಿತ್ತು. ಹೊತ್ತಿದ್ದೇನೋ ನಿಜ. ಮರೆಯುವುದು ಮಾತ್ರ ಆಗಲಿಲ್ಲ. ಅದಕ್ಕೆ ಕಾರಣ ಸಿಗುವುದು ಮೂರು ಊರುಗಳಲ್ಲಿ.

ದೋಹಾ, ಜೊಹೊರ್ ಬಹ್ರು, ನಿಯೋನ್

ದೋಹಾ, 1993ರ ಅಕ್ಟೋಬರ್ 28. ಇರಾಕ್ ವಿರುದ್ಧ ಗೆದ್ದರೆ ಜಪಾನ್ ಮೊದಲ ಬಾರಿಗೆ ವಿಶ್ವಕಪ್‌ಗೆ. 5ನೇ ನಿಮಿಷದಲ್ಲಿ ಕಜು ಗೋಲು. ಇರಾಕ್ ಸಮ ಮಾಡಿತು. ಗೋನ್ ಮತ್ತೆ ಮುನ್ನಡೆ ತಂದರು, 2-1. ತೊಂಬತ್ತು ನಿಮಿಷ ಮುಗಿದು, ಇನ್ನೇನು ಸೀಟಿ ಊದಬೇಕು, ಆಗ ಕಾರ್ನರ್‌ನಿಂದ ಬಂದ ಚೆಂಡು ಇರಾಕಿನ ತಲೆಗೆ ತಾಗಿ ಬಲೆಗೆ ಬಿತ್ತು. 2-2. ಆಟಗಾರರು ನಿಂತಲ್ಲೇ ಕುಸಿದು ಕೂತರು. ಜಪಾನಿನಲ್ಲಿ ಇಂದಿಗೂ ಅದಕ್ಕೆ 'ದೋಹಾ ದುರಂತ' ಎಂದೇ ಹೆಸರು.

ಜೊಹೊರ್ ಬಹ್ರು, ಮಲೇಷ್ಯಾ, 1997ರ ನವೆಂಬರ್ 16. ಮತ್ತೆ ಅದೇ ಬಾಗಿಲು, ಈ ಸಲ ಎದುರಾಳಿ ಇರಾನ್. ಆ ವರ್ಷದ ಅರ್ಹತಾ ಪಂದ್ಯಗಳ ಆರಂಭದಲ್ಲಿ ಕಜು ಮಕಾವ್ ವಿರುದ್ಧ ಒಂದೇ ಪಂದ್ಯದಲ್ಲಿ 6, ಕೊನೆಯ ಸುತ್ತಿನಲ್ಲಿ ಉಜ್ಬೆಕಿಸ್ತಾನ್ ವಿರುದ್ಧ 4 ಗೋಲು ಹೊಡೆದಿದ್ದರು. ಆಮೇಲೆ ಆ ಸುತ್ತಿನಲ್ಲಿ ಅವರ ಕಾಲಿಂದ ಒಂದೂ ಗೋಲು ಬರಲಿಲ್ಲ. ಇರಾನ್ 2-1ರಿಂದ ಮುಂದಿದ್ದಾಗ ಕೋಚ್ ತಕೇಶಿ ಒಕಾದಾ ಇಬ್ಬರು ಮುಂಚೂಣಿ ಆಟಗಾರರನ್ನು ಒಟ್ಟಿಗೇ ಹೊರಗೆ ಕರೆದರು: ಗೋನ್ ಮತ್ತು ಕಜು. 'ನಾನಾ?' ಎನ್ನುವಂತೆ ಕಜು ತನ್ನತ್ತ ತಾನೇ ಬೆರಳು ತೋರಿಸಿಕೊಂಡರು. ಅವರ ಬದಲಿಗೆ ಬಂದ ಜೋ ಸಮ ಮಾಡಿದರು. ಹೆಚ್ಚುವರಿ ಅವಧಿಯ ಕೊನೆಯಲ್ಲಿ ನಕಾತಾ ಹೊಡೆತ ಚಿಮ್ಮಿದ್ದನ್ನು ಒಕಾನೊ ಒಳಗೆ ತಳ್ಳಿದರು. ಜಪಾನ್ ವಿಶ್ವಕಪ್‌ಗೆ ಹೋಯಿತು. ಆ ರಾತ್ರಿಯ ಮೂರೂ ಗೋಲುಗಳಲ್ಲಿ 20 ವರ್ಷದ ನಕಾತಾ ಅವರ ಕೈವಾಡ, ಅಲ್ಲಲ್ಲ, ಕಾಲ್ವಾಡ ಇತ್ತು. ಒಂದು ಪೀಳಿಗೆ ಹೋಗಿ ಇನ್ನೊಂದು ಬಂದದ್ದು ಒಂದೇ ಪಂದ್ಯದಲ್ಲಿ ಕಾಣಿಸಿತು.

ನಿಯೋನ್, ಸ್ವಿಟ್ಜರ್ಲೆಂಡ್, 1998ರ ಜೂನ್ 2. ವಿಶ್ವಕಪ್ ಶುರುವಾಗಲು ಕೆಲವೇ ದಿನ. ಶಿಬಿರಕ್ಕೆ ಕರೆದೊಯ್ದ 25 ಜನರಲ್ಲಿ ಮೂವರನ್ನು ಬಿಡಬೇಕಿತ್ತು. ಒಕಾದಾ ಪತ್ರಕರ್ತರ ಮುಂದೆ ಮೂರು ಹೆಸರು ಓದಿದರು. ಅದರಲ್ಲಿ ಒಂದು ಕಜು. 15ನೇ ವಯಸ್ಸಿಗೆ ಮನೆ ಬಿಟ್ಟು, ದೋಹಾದಲ್ಲಿ ಅಷ್ಟು ಹತ್ತಿರ ಬಂದು, ಹದಿನಾರು ವರ್ಷ ಕಾದವರಿಗೆ ಫ್ರಾನ್ಸಿನ ಗಡಿಯ ಹತ್ತಿರದಿಂದಲೇ ವಾಪಸ್ ಟಿಕೆಟ್. ತಂಡದಲ್ಲಿ 18 ವರ್ಷದ ಶಿಂಜಿ ಓನೊ ಉಳಿದರು.

ಇಲ್ಲಿ ನಾವು ಎರಡು ಗುಂಪಾದೆವು. ಒಂದು ಗುಂಪು ಹೇಳಿತು: ಒಕಾದಾ ಮಾಡಿದ್ದು ಸರಿ. ಕೋಚ್ ಕೆಲಸ ಗೆಲ್ಲುವ ತಂಡ ಕಟ್ಟುವುದು, ಸನ್ಮಾನ ಮಾಡುವುದಲ್ಲ. ಅವರು ಮುಖ ನೋಡಿ ಮಣೆ ಹಾಕಲಿಲ್ಲ, ಅಷ್ಟೇ. ಇನ್ನೊಂದು ಗುಂಪು ಹೇಳಿತು: ಹೋಗಿದ್ದರೂ ಜಪಾನ್ ಮೂರೂ ಪಂದ್ಯ ಸೋತಿತಲ್ಲ. ಅರ್ಜೆಂಟೀನಾ ವಿರುದ್ಧ 0-1, ಕ್ರೊವೇಷಿಯಾ ವಿರುದ್ಧ 0-1, ಜಮೈಕಾ ವಿರುದ್ಧ 1-2. ಇಡೀ ಟೂರ್ನಿಯಲ್ಲಿ ಒಂದೇ ಗೋಲು, ಅದು ಗೋನ್‌ದು. ಕಜು ಬೆಂಚಿನಲ್ಲಿದ್ದಿದ್ದರೂ ತಂಡಕ್ಕೆ ಬೆನ್ನೆಲುಬಾಗುತ್ತಿತ್ತು.

ಎರಡನ್ನೂ ತೂಗಿ ನೋಡಿದಾಗ ನಮಗೆ ಮೊದಲ ಗುಂಪಿನ ಮಾತೇ ಗಟ್ಟಿ ಅನ್ನಿಸಿತು. ಫಲಿತಾಂಶ ಗೊತ್ತಾದ ಮೇಲೆ ತೀರ್ಮಾನ ಅಳೆಯುವುದು ಸುಲಭ. ಆ ಕೆಲವು ತಿಂಗಳ ಆಟದ ಮೇಲೆ ನೋಡಿದರೆ ಒಕಾದಾ ಬಳಿ ಕಾರಣವಿತ್ತು. ಆದರೆ ಕಾರಣ ಇದೆ ಎಂದ ಮಾತ್ರಕ್ಕೆ ನೋವು ಕಡಿಮೆಯಾಗುತ್ತದೆಯೇ? ಜಪಾನಿನ ಜನ ಎರಡನ್ನೂ ಒಟ್ಟಿಗೆ ಹಿಡಿದುಕೊಂಡರು. ಕೂದಲಿಗೆ ಹೊಂಬಣ್ಣ ಹಾಕಿಕೊಂಡು ಊರಿಗೆ ಮರಳಿದ ಕಜು ಕೋಚ್‌ನನ್ನು ಬೈಯಲಿಲ್ಲ. ಜಪಾನಿನ ಪ್ರತಿನಿಧಿ ಎಂಬ ಹೆಮ್ಮೆಯನ್ನೂ ತನ್ನ ಆತ್ಮವನ್ನೂ ಅಲ್ಲೇ ಬಿಟ್ಟು ಬಂದಿದ್ದೇನೆ ಎಂಬ ಅರ್ಥದ ಮಾತಾಡಿದರು. ಪ್ರಚಾರ ಪ್ರೀತಿಯಾಗಿ ಬದಲಾದದ್ದು ಇಲ್ಲಿ ಎಂದು ನಮಗನ್ನಿಸುತ್ತದೆ. ಕೆಂಪು ಸೂಟಿನ ಸ್ಟಾರ್‌ನನ್ನು ಜನ ನೋಡುತ್ತಿದ್ದರು. ಪಟ್ಟಿಯಿಂದ ಬಿದ್ದವನಲ್ಲಿ ಜನ ತಮ್ಮನ್ನೇ ನೋಡಿಕೊಂಡರು.

ಆಮೇಲೆ ಮಾಡಿದ್ದೇನು? ಆಡಿದರು

ಆಗ ಕಜು ಅವರಿಗೆ 31. ಬಹಳ ಜನ ಅಲ್ಲಿಗೆ ಮುಗಿಸುತ್ತಾರೆ. ಕ್ರೊವೇಷಿಯಾದ ಜಾಗ್ರೆಬ್, ಕ್ಯೋಟೊ, ಕೋಬೆ ಅಂತ ಆಡಿ, 2005ರಲ್ಲಿ ಎರಡನೇ ದರ್ಜೆಯ ಯೋಕೊಹಾಮಾ ಎಫ್‌ಸಿ ಸೇರಿದರು. ಇದು ಅಭಿಮಾನಿಗಳು ಕಟ್ಟಿದ ಕ್ಲಬ್. 1998ರಲ್ಲಿ ಯೋಕೊಹಾಮಾ ಫ್ಲೂಗೆಲ್ಸ್ ತಂಡವನ್ನು ಪಕ್ಕದ ತಂಡದ ಜೊತೆ ವಿಲೀನ ಮಾಡಿದಾಗ ಒಪ್ಪದ ಅಭಿಮಾನಿಗಳು ತಾವೇ ಹೊಸ ಕ್ಲಬ್ ಶುರುಮಾಡಿದರು. ಶುರುವಿನಿಂದಲೇ ಅದರ ಆಡಳಿತದಲ್ಲಿದ್ದವರು ಯಾರು ಗೊತ್ತಾ? ನಮ್ಮ ಪಟ್ಟಿಯ ಮೊದಲ ಹೆಸರು, ಒಕುದೇರಾ. ಹೊತ್ತಿಗೆ ಮುಂಚೆ ಬಂದವರ ಮನೆಗೆ ಹೊತ್ತು ಮೀರಿದವರು ಬಂದು ಸೇರಿದಂತಾಯಿತು.

2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ. 18 ದಿನದ ನಂತರ, ಮಾರ್ಚ್ 29ರಂದು ಒಸಾಕಾದ ನಗಾಯ್ ಕ್ರೀಡಾಂಗಣದಲ್ಲಿ ರಾಷ್ಟ್ರೀಯ ತಂಡಕ್ಕೂ ಜೆ.ಲೀಗ್ ಆಟಗಾರರಿಗೂ ಸಹಾಯಾರ್ಥ ಪಂದ್ಯ. ರಾಷ್ಟ್ರೀಯ ತಂಡದಲ್ಲಿ ಯುರೋಪಿನಿಂದ ಬಂದ ತಾರೆಯರೆಲ್ಲ ಇದ್ದರು, ಗೆದ್ದದ್ದೂ ಅವರೇ, 2-1. ಆದರೆ ಜನ ಇಂದಿಗೂ ನೆನೆಯುವುದು ಸೋತ ತಂಡದ ಆ ಒಂದು ಗೋಲನ್ನು. 82ನೇ ನಿಮಿಷ, ಬದಲಿಯಾಗಿ ಬಂದಿದ್ದ 44 ವರ್ಷದ ಕಜು. ಗೋಲಾದ ಮೇಲೆ ಕುಣಿದರು, ಅದೇ ಹಳೆಯ ಕುಣಿತ. ಸಾವಿರಾರು ಜನ ಸತ್ತು ಮೂರು ವಾರವೂ ಆಗಿಲ್ಲದ ದೇಶದಲ್ಲಿ ಆ ಕುಣಿತ ಯಾರಿಗೂ ಅತಿಯೆನ್ನಿಸಲಿಲ್ಲ. ಇನ್ನೊಬ್ಬರು ಕುಣಿದಿದ್ದರೆ ಹಾಗೇ ಅನ್ನಿಸುತ್ತಿತ್ತೋ ಇಲ್ಲವೋ, ಯೋಚಿಸಿ. ಮೊದಲು ಹೇಳಿದ ಇಂಟಿಗ್ರಲ್ ಇದೇ.

2017ರ ಮಾರ್ಚ್ 12ರಂದು ಎರಡನೇ ದರ್ಜೆಯ ಪಂದ್ಯದಲ್ಲಿ ಗೋಲು ಹೊಡೆದಾಗ ಕಜು ವಯಸ್ಸು 50 ವರ್ಷ 14 ದಿನ. ವೃತ್ತಿಪರ ಲೀಗಿನಲ್ಲಿ ಅತಿ ಹಿರಿಯ ಗೋಲುಗಾರ ಎಂದು ಗಿನ್ನೆಸ್ ದಾಖಲೆ. 2020ರ ಸೆಪ್ಟೆಂಬರ್ 23ರಂದು, 53ನೇ ವಯಸ್ಸಿನಲ್ಲಿ, ಮೊದಲ ದರ್ಜೆಯ ಪಂದ್ಯದಲ್ಲಿ ನಾಯಕನಾಗಿ ಕಣಕ್ಕಿಳಿದು ಅತಿ ಹಿರಿಯ ಆಟಗಾರ ಎನಿಸಿದರು. ಮುರಿದದ್ದು ತನ್ನದೇ ವಯಸ್ಸಿನ ಗೋನ್ ಅವರ ದಾಖಲೆ. ಆ ದಿನ ಪಕ್ಕದಲ್ಲಿ ಆಡುತ್ತಿದ್ದವರು ಶುನ್‌ಸುಕೆ ನಕಾಮುರಾ.

ನಕಾಮುರಾ ಜನಪ್ರಿಯತೆ ಇನ್ನೊಂದು ಬಗೆ. 2006ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಪರ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಹೊಡೆದ ಫ್ರೀ ಕಿಕ್ ಇದೆಯಲ್ಲ, ಗ್ಲಾಸ್ಗೋದಲ್ಲಿ ಅದನ್ನು ಈಗಲೂ ಮರೆತಿಲ್ಲ. ಅವರದು ಕಲೆಗಾರನ ಮೇಲಿನ ಪ್ರೀತಿ, ಎಡಗಾಲಿನ ಮೇಲಿನ ಪ್ರೀತಿ. ಅವರಿಗೂ ಪಟ್ಟಿಯಿಂದ ಬಿದ್ದ ನೋವು ಗೊತ್ತು. ತವರಿನಲ್ಲೇ ನಡೆದ 2002ರ ವಿಶ್ವಕಪ್‌ಗೆ ಕೋಚ್ ಟ್ರುಸಿಯೆ ಅವರನ್ನು ಆರಿಸಲಿಲ್ಲ. ಆದರೆ ಅವರಿಗೆ 2006 ಸಿಕ್ಕಿತು, 2010 ಸಿಕ್ಕಿತು. ಕಜು ಅವರಿಗೆ ಎರಡನೇ ಅವಕಾಶ ಬರಲೇ ಇಲ್ಲ.

ನಕಾತಾ ಹಾದಿ ಇದಕ್ಕೆ ಪೂರಾ ವಿರುದ್ಧ. ಪತ್ರಕರ್ತರಿಂದ ದೂರವಿದ್ದು, ಅಭಿಮಾನಿಗಳಿಗೆ ಹೇಳಬೇಕಾದ್ದನ್ನು ತನ್ನ ವೆಬ್‌ಸೈಟಿನಲ್ಲೇ ಬರೆಯುತ್ತಿದ್ದರು. 2006ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧ ಸೋತ ಮೇಲೆ ಡಾರ್ಟ್‌ಮುಂಡ್ ಮೈದಾನದ ನಡುವೆ ಅಂಗಾತ ಮಲಗಿ ಬಹಳ ಹೊತ್ತು ಏಳಲಿಲ್ಲ. ಜುಲೈ 3ರಂದು, 29ನೇ ವಯಸ್ಸಿಗೆ, ಅದೇ ವೆಬ್‌ಸೈಟಿನಲ್ಲಿ ವಿದಾಯ ಬರೆದರು. ಪ್ರಪಂಚ ಸುತ್ತಿದರು, ಜಪಾನಿನ ಸಾಕೆ ಮದ್ಯದ ವ್ಯವಹಾರಕ್ಕೆ ಇಳಿದರು. ಜನ ಅವರನ್ನು ಮೆಚ್ಚುತ್ತಾರೆ, ದೂರದಿಂದ. ಒಬ್ಬರು ಬಿಟ್ಟು ಹೋಗಿ ದೊಡ್ಡವರಾದರು, ಇನ್ನೊಬ್ಬರು ಬಿಡದೆ ದೊಡ್ಡವರಾದರು.

ಒಂದು ನ್ಯಾಯವಾದ ಆಕ್ಷೇಪ

ಇಷ್ಟು ಹೊಗಳಿದ ಮೇಲೆ ಇನ್ನೊಂದು ಬದಿ ಹೇಳದಿದ್ದರೆ ಅಭ್ಯಾಸ ಪೂರ್ತಿಯಾಗದು. ಐವತ್ತು ದಾಟಿದವರು ಕೆಲವೇ ನಿಮಿಷ ಆಡಲು ಒಂದು ಜಾಗ ಹಿಡಿದರೆ, ಆ ಜಾಗ ಒಬ್ಬ ಯುವಕನದಲ್ಲವೇ? ಟಿಕೆಟ್ ಮಾರಲು ಇಟ್ಟುಕೊಂಡ ಹೆಸರೇ ಇದು? ಈ ಮಾತನ್ನು ಬಾಯಿಬಿಟ್ಟು ಹೇಳಿದವರೂ ಇದ್ದಾರೆ. 2015ರಲ್ಲಿ ಬೇಸ್‌ಬಾಲ್ ದಂತಕಥೆ ಇಸಾವೊ ಹರಿಮೊಟೊ ಟಿವಿಯಲ್ಲಿ, ಕಜು ಇನ್ನು ನಿಲ್ಲಿಸಿ ಕಿರಿಯರಿಗೆ ಜಾಗ ಬಿಡಲಿ ಎಂದರು. ಕಜು ಸಿಟ್ಟಾಗಲಿಲ್ಲ. ಇನ್ನೂ ಚೆನ್ನಾಗಿ ಆಡು ಅಂತ ನನಗೆ ಹೇಳುತ್ತಿದ್ದಾರೆ ಎಂದುಕೊಂಡೆ ಎನ್ನುವಂತೆ ಉತ್ತರಿಸಿದರು. ಆ ಉತ್ತರವನ್ನು ಹರಿಮೊಟೊ ಕೂಡ ಮೆಚ್ಚಿಕೊಂಡರು.

ಆಕ್ಷೇಪದಲ್ಲಿ ಹುರುಳಿದೆ ಎಂದೇ ನಮ್ಮ ಅಭಿಪ್ರಾಯ. ಟಿಕೆಟ್ ಮಾರಾಟವೂ ಸುಳ್ಳಲ್ಲ. 2022ರಲ್ಲಿ ಕಜು ನಾಲ್ಕನೇ ದರ್ಜೆಯ ಸುಜುಕಾ ತಂಡಕ್ಕೆ ಹೋದಾಗ ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆದ ಒಂದು ಪಂದ್ಯಕ್ಕೆ 16 ಸಾವಿರಕ್ಕೂ ಹೆಚ್ಚು ಜನ ಬಂದರು. ಆ ಲೀಗಿಗೆ ಆಗ ಅದು ದಾಖಲೆ. ಅವರು ಆಡಿದ್ದು ಕೊನೆಯ ಕೆಲವು ನಿಮಿಷ. ಆದರೆ ಆ ಜನ ಮೋಸಹೋಗಿ ಬಂದವರಲ್ಲ. ಕಜು ಗೋಲಿನ ಸುರಿಮಳೆ ಸುರಿಸುತ್ತಾರೆ ಎಂದು ಯಾರೂ ನಂಬಿರಲಿಲ್ಲ. ಇವತ್ತೂ ಬೂಟು ಕಟ್ಟಿಕೊಂಡು ಬಂದಿದ್ದಾರಾ ಎಂದು ನೋಡಲು ಬಂದವರು ಅವರು.

ನಾವು ಕಲಿತದ್ದು

ಹಾಸ್ಟೆಲ್ ಜಗಳಕ್ಕೆ ಈಗ ನಮ್ಮ ಉತ್ತರ ಇದು. ಸಾಧನೆಯ ಪಟ್ಟಿ ಮಾಡಿದರೆ ನಕಾತಾ, ಒಕುದೇರಾ, ಕಮಾಮೊಟೊ ಹೆಸರು ಮೊದಲು ಬರಲಿ. ಪ್ರಚಾರದ ಪಟ್ಟಿಯಲ್ಲಿ ಇಂದಿನ ಯುರೋಪ್ ತಾರೆಯರು ಮೇಲಿರಲಿ. ಪ್ರೀತಿಯ ಪಟ್ಟಿ ಬೇರೆ. ಅದರಲ್ಲಿ ಕಜು ಮುಂದಿರಲು ನಾಲ್ಕು ಕಾರಣ: ಯಾರೂ ಹೋಗದ ಹೊತ್ತಿನಲ್ಲಿ ಹೋದರು, ಲೀಗ್ ಹುಟ್ಟುವ ಹೊತ್ತಿಗೆ ಊರಲ್ಲಿದ್ದರು, ಎಲ್ಲರೆದುರು ಸೋತರು, ಆದರೆ ಕಹಿಯಾಗಲಿಲ್ಲ, ಕೊನೆಗೆ, ಬಿಡಲಿಲ್ಲ. ಇವುಗಳಲ್ಲಿ ಎರಡನೆಯದು ಅದೃಷ್ಟ. ಉಳಿದ ಮೂರು ಅವರ ಸ್ವಂತ ಆಯ್ಕೆ.

ಇದನ್ನು ಬರೆಯುವ ಹೊತ್ತಿಗೆ ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸೀಸನ್. ನೋಟಿಸ್ ಬೋರ್ಡಿನ ಮುಂದೆ ಪಟ್ಟಿ ನೋಡಿ, ಮತ್ತೊಮ್ಮೆ ನೋಡಿ, ಸದ್ದಿಲ್ಲದೆ ರೂಮಿಗೆ ಹೋದ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರಿಗೆ ಕಜು ಕಥೆ ಹೇಳಿ 'ಬಿಡಬೇಡ, ಗೆಲ್ತೀಯ' ಎನ್ನಲು ನಮಗೆ ಮನಸ್ಸು ಬರಲಿಲ್ಲ, ಯಾಕೆಂದರೆ ಆ ಅರ್ಥದಲ್ಲಿ ಕಜು ಗೆಲ್ಲಲೇ ಇಲ್ಲ. ವಿಶ್ವಕಪ್ ಅವರಿಗೆ ಸಿಗಲಿಲ್ಲ. ಹೇಳಬಹುದಾದದ್ದು ಇಷ್ಟೇ: ಪಟ್ಟಿ ಮಾಡಿದವರ ತೀರ್ಮಾನ ಸರಿಯೇ ಇರಬಹುದು. ಆದರೂ ಆ ಪಟ್ಟಿ ನಿಮ್ಮ ಕೊನೆಯ ಅಳತೆಯಲ್ಲ.

ಓದುಗರಿಗೆ ಒಂದು ಅಭ್ಯಾಸ: ನಿಮಗೆ ಇಷ್ಟವಾದ ಯಾವುದೇ ಆಟಗಾರರನ್ನು ಆರಿಸಿಕೊಳ್ಳಿ. ಸಾಧನೆ, ಪ್ರಚಾರ, ಪ್ರೀತಿ ಎಂದು ಮೂರು ಕಾಲಮ್ಮು ಹಾಕಿ, ಅದೇ ಕಾಲದ ನಾಲ್ವರ ಜೊತೆ ಹೋಲಿಸಿ. ಮೂರನೇ ಕಾಲಮ್ಮಿಗೆ ಒಂದೇ ಪ್ರಶ್ನೆ ಸಾಕು: ಇವರು ಪಟ್ಟಿಯಿಂದ ಬಿದ್ದ ದಿನ ಜನ ಏನು ಮಾಡಿದರು? ಉತ್ತರ ಬರೆದು ಕ್ಲಬ್‌ಗೆ ಕಳಿಸಿ. ಟಿವಿ ರೂಮಿನಲ್ಲಿ ಮುಂದಿನ ಜಗಳಕ್ಕೆ ನಾವೂ ಸಿದ್ಧವಾಗಬೇಕಲ್ಲ!